ಕೆರೆ ಕುಂಟೆಗಳಲ್ಲಿ ಕೊರವ ಮೀನಿಗೆ ಗಾಳ ಹಾಕುವ ಕ್ರಮವೂ ಕೃತಕ ಎರೆಗಳ ಆಯ್ಕೆಯೂ

ಗಾಳ ಹಾಕಿ ಮೀನು ಹಿಡಿಯುವುದು ಕೆಲಸವಿಲ್ಲದವರ ಕಾಲಕ್ಷೇಪವೆಂದು ನಮ್ಮ ಗ್ರಾಮಗಳಲ್ಲಿ ಅನೇಕರು ಭಾವಿಸಿರುವರು. ಆದರೆ ಕುಂಟೆಗಳಲ್ಲಿಯೂ ಕೃಷಿಹೊಂಡಗಳಲ್ಲಿಯೂ ಕಟ್ಲ, ರೋಹು, ಮೃಗಾಲ್ ಮುಂತಾದ ಗೆಂಡೆಜಾತಿಯ ಮರಿಗಳನ್ನು ಬಿಟ್ಟು ಸಾಕುವ ರೈತರಿಗೆ ಈ ವಿದ್ಯೆಯಿಂದ ನೇರವಾದ ಪ್ರಯೋಜನವುಂಟು. ಹೇಗೆಂದರೆ, ಕಾಲುವೆಯ ನೀರಿನೊಡನೆ ಹೊಂಡಕ್ಕೆ ನುಗ್ಗಿದ ನಾಲ್ಕಾರು ಕೊರವ ಮೀನುಗಳು ಸಾವಿರಾರು ಮರಿಗಳಿಗೆ ಮೃತ್ಯುಪ್ರಾಯವಾಗುವುವು. ಬಲೆ ಎಳೆದರೆ ಇವು ಸುಲಭವಾಗಿ ಸಿಕ್ಕುವುದಿಲ್ಲ. ಬಲೆಯ ಅಡಿಯಂಚು ಸಮೀಪಿಸುತ್ತಲೇ ಕೆಸರಿನಲ್ಲಿ ಹುದುಗಿಕೊಳ್ಳುವುವು, ಇಲ್ಲವೇ ಬಲೆಯ ಮೇಲಿನಿಂದ ಹಾರಿ ಆಚೆಗೆ ಬೀಳುವುವು. ಇಂತಹ ಕಡೆ ಗಾಳವೊಂದೇ ತಕ್ಕ ಸಾಧನ. ಇದಲ್ಲದೆ ಕೊರವದ ಮಾಂಸವು ಮುಳ್ಳು ಕಡಮೆಯಾದ ಒಳ್ಳೆಯ ಆಹಾರವಾದುದರಿಂದ, ಇತರ ಮೀನುಗಳಿಗಿಂತ ಹೆಚ್ಚು ಬೆಲೆಗೆ, ಅದರಲ್ಲಿಯೂ ಜೀವಸಹಿತವಾಗಿ ಮಾರಾಟವಾಗುವುದು. ನೆರೆಯ ತೆಲಂಗಾಣ ರಾಜ್ಯವು ಇದನ್ನು ತನ್ನ ರಾಜ್ಯಮೀನೆಂದೇ ಅಂಗೀಕರಿಸಿದೆ.

ಜಾತಿಗಳು

ಕೊರವ, ಮುರಲು, ಕುಚ್ಚು ಎಂದು ಸೀಮೆಸೀಮೆಗೂ ಹೆಸರು ಬೇರೆಯಾಗಿರುವ ಈ ಮೀನುಗಳಲ್ಲಿ ನಮ್ಮ ಕೆರೆಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳನ್ನು ಕಾಣಬಹುದು. ಕುಚ್ಚಿನ ಮುರಲೆಂಬುದು ಬೆನ್ನು ಕಪ್ಪಾಗಿ, ಪಕ್ಕಗಳಲ್ಲಿ ಓರೆಯಾದ ಪಟ್ಟೆಗಳುಳ್ಳದ್ದು. ಸಾಧಾರಣವಾಗಿ ಒಂದರಿಂದ ಎರಡು ಅಡಿ ಉದ್ದ ಬೆಳೆಯುವುದು. ಹೂವಿನ ಮುರಲೆಂಬುದು ಮೈಮೇಲೆ ಮುತ್ತಿನಂತಹ ಬಿಳಿಯ ಚುಕ್ಕೆಗಳುಳ್ಳದ್ದು. ಎಳೆಯದಾಗಿರುವಾಗ ಬಾಲದ ಬುಡದಲ್ಲಿ ಕಿತ್ತಿಳೆ ಅಂಚಿನ ಕಪ್ಪು ಕಣ್ಣುಮಚ್ಚೆ ಸ್ಪಷ್ಟವಾಗಿರುವುದು. ಇದು ಮೂರು ಅಡಿಗೂ ಮೀರಿ ಬೆಳೆದು, ದೊಡ್ಡ ಕೆರೆಗಳ ಆಳದಲ್ಲಿಯೂ ನದಿಯ ಮಡುಗಳಲ್ಲಿಯೂ ವಾಸಿಸುವುದು. ಮೂರನೆಯದಾದ ಬೆಳಿ ಕೊರವ ಒಂದಡಿಯನ್ನು ದಾಟುವುದು ಅಪರೂಪ. ಗದ್ದೆಯ ಕಾಲುವೆ, ಕೊಚ್ಚೆಗುಂಡಿ ಎಲ್ಲಿಯಾದರೂ ಇರುವುದು. ಹೂವಿನ ಮುರಲಿಗೆ ೧೮೨೨ರಲ್ಲಿ ಶಾಸ್ತ್ರೀಯ ನಾಮವನ್ನಿತ್ತ ಹ್ಯಾಮಿಲ್ಟನ್ ಎಂಬ ವಿದ್ವಾಂಸನು ಬೇರೆ ಯಾರೂ ಅಲ್ಲ. ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಇಲ್ಲಿನ ಬೇಸಾಯದ ಸ್ಥಿತಿಗತಿಗಳನ್ನು ಬರೆದಿಟ್ಟ ಬುಕಾನನ್ನನೇ ಆತನು.

ಸ್ವಭಾವ

ಈ ಮೀನಿನ ಸ್ವಭಾವವನ್ನು ತಿಳಿಯದೆ ಗಾಳ ಹಾಕುವವನು ದಿನಗಟ್ಟಲೆ ಕುಳಿತರೂ ಬರಿಗೈಯಲ್ಲಿ ಮನೆಗೆ ಹಿಂದಿರುಗಬೇಕಾದೀತು. ಮೊದಲನೆಯದಾಗಿ, ಕೊರವವು ಕಿವಿರುಗಳಿಂದ ಮಾತ್ರ ಉಸಿರಾಡುವ ಮೀನಲ್ಲ. ತಲೆಯಲ್ಲಿ ಕಿವಿರುಗಳ ಮೇಲ್ಭಾಗದಲ್ಲಿ ಇದಕ್ಕೆ ಗಾಳಿಯನ್ನು ಹೀರುವ ಗೂಡುಗಳಿರುವುವು. ಆದಕಾರಣ ಆಗಾಗ್ಗೆ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಹೋಗಲೇಬೇಕು; ಮೇಲೆ ಬರದಂತೆ ತಡೆದರೆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುದು. ಬೇಸಗೆಯಲ್ಲಿ ಕುಂಟೆ ಬತ್ತಿದಾಗ ಒದ್ದೆಯ ಕೆಸರಿನೊಳಗೆ ಬಹುಕಾಲ ಜೀವ ಹಿಡಿದುಕೊಂಡಿರುವುದೂ, ಮಳೆ ಬಿದ್ದಾಗ ತೇವದ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಸಮೀಪದ ಮತ್ತೊಂದು ಹೊಂಡಕ್ಕೆ ಸೇರುವುದೂ ಈ ಸಾಮರ್ಥ್ಯದಿಂದಲೇ. ಗಾಳಗಾರನಿಗೆ ಇದರಿಂದ ಒಂದು ಅನುಕೂಲವುಂಟು. ನಿಶ್ಚಲವಾದ ಬೆಳಗಿನ ಹೊತ್ತಿನಲ್ಲಿ ಏರಿಯ ಮೇಲೆ ಕಾಲು ಗಂಟೆ ಸುಮ್ಮನೆ ಕುಳಿತು ನೋಡಿದರೆ, ಗುಳುಕ್ಕೆಂಬ ಸದ್ದಿನೊಡನೆ ಉಂಗುರದಂತೆ ಅಲೆಯೆದ್ದು ಹರಡುವ ಸ್ಥಳಗಳು ಕಾಣುವುವು. ಮೀನು ಎಲ್ಲಿದೆಯೆಂಬುದನ್ನು ತಾನೇ ತಿಳಿಸಿದಂತಾಯಿತು.

ಎರಡನೆಯದಾಗಿ, ಇದು ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ಹೊಂಚುಹಾಕಿ ಹಿಡಿಯುವ ಮೀನು. ಜೊಂಡಿನ ಅಂಚು, ತಾವರೆಯೆಲೆಗಳ ನೆರಳು, ಅಂತರಗಂಗೆಯ ಹಾಸಿನಲ್ಲಿರುವ ಬಿರುಕು, ಏರಿಯ ಕಲ್ಲುಕಟ್ಟಣೆಯ ಸಂದು, ತೂಬಿನ ಅಕ್ಕಪಕ್ಕ, ಕೋಡಿಯ ಕೆಳಗಿನ ಗುಂಡಿ ಇವೇ ಇದರ ಠಾವುಗಳು. ಕಪ್ಪೆ, ಸಣ್ಣ ಮೀನು, ಸಿಗಡಿ, ನೀರಹುಳು, ಒಮ್ಮೊಮ್ಮೆ ಇಲಿಮರಿ ಮುಂತಾದುವು ಎದುರಿಗೆ ಸುಳಿದರೆ ಬಾಣದಂತೆ ನುಗ್ಗಿ ಹಿಡಿಯುವುದು. ಆದುದರಿಂದ ಕೆರೆಯ ನಡುವೆ ಬಯಲುನೀರಿಗೆ ದೂರ ದೂರ ಎಸೆದು ಶಕ್ತಿ ತೋರಿಸುವುದರಲ್ಲಿ ಅರ್ಥವಿಲ್ಲ. ದಡದಿಂದ ಹತ್ತು ಹದಿನೈದು ಅಡಿಯೊಳಗೇ ಬಹುಮಟ್ಟಿನ ಮೀನುಗಳಿರುವುವು. ಎತ್ತರವಾಗಿ ನಿಂತು, ಧಡಧಡನೆ ಹೆಜ್ಜೆಯಿಟ್ಟು ಅವುಗಳನ್ನು ಓಡಿಸುವವರೇ ಹೆಚ್ಚು.

ಅಮೆರಿಕದ ಬ್ಯಾಸ್ ಮೀನೂ ನಮ್ಮ ಕೊರವವೂ

ಅಮೆರಿಕ ದೇಶದ ಕೆರೆಗಳಲ್ಲಿ ದೊಡ್ಡ ಬಾಯಿಯ ಬ್ಯಾಸ್ ಎಂಬ ಮೀನಿಗೆ ಯಾವ ಸ್ಥಾನವೋ ನಮ್ಮ ಕೆರೆಗಳಲ್ಲಿ ಕೊರವಕ್ಕೆ ಬಹುಮಟ್ಟಿಗೆ ಅದೇ ಸ್ಥಾನ. ಎರಡೂ ಕಳೆಗಳ ನಡುವೆ ಹೊಂಚುವುವು. ಎರಡೂ ಕಪ್ಪೆಯನ್ನು ಬಿಡವು. ಎರಡೂ ಮೊಟ್ಟೆಮರಿಗಳನ್ನು ಕಾಯುವುವು. ಆ ಮೀನಿಗಾಗಿ ಅಲ್ಲಿ ರೂಪುಗೊಂಡ ಕೃತಕ ಎರೆಗಳು ಇಲ್ಲಿ ಕೊರವಕ್ಕೆ ಒಪ್ಪುವುದು ಈ ಕಾರಣದಿಂದ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮರದಿಂದ ಕಪ್ಪೆಯನ್ನು ಕೆತ್ತಿ ಗಾಳಕ್ಕೆ ಕಟ್ಟಿದವರಲ್ಲಿ ಮಿಷಿಗನ್ ಸಂಸ್ಥಾನದ ಜೇಮ್ಸ್ ಹೆಡನ್ ಎಂಬವನು ಪ್ರಸಿದ್ಧನು. ಜೇನುಸಾಕಣೆಯಲ್ಲಿ ಆಸಕ್ತರಾದ ವಾಚಕರು ಈತನ ಹೆಸರನ್ನು ಬೇರೆ ಸಂದರ್ಭದಲ್ಲಿ ಕೇಳಿರಬಹುದು. ೧೮೮೫ರಲ್ಲಿ ಹೊಸ ಮಾದರಿಯ ಜೇನುಪೆಟ್ಟಿಗೆಗೆ ಹಕ್ಕುಪತ್ರ ಪಡೆದವನೂ ಈತನೇ. ನಮ್ಮ ನಾಡಿನ ಕಡೆಯಿಂದ ಹೇಳುವುದಾದರೆ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆಚ್. ಎಸ್. ಥಾಮಸರು ಭಾರತದ ಗಾಳಗಾರಿಕೆಯನ್ನು ಕುರಿತ ತಮ್ಮ ಗ್ರಂಥವನ್ನು ೧೮೭೩ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಮಾಡಿಸಿದರು. ಕೆರೆಗಳಲ್ಲಿ ಗಾಳ ಹಾಕುವ ವಿಷಯವಾಗಿಯೇ ಪ್ರತ್ಯೇಕವಾದ ಪುಸ್ತಕವನ್ನು ೧೮೮೭ರಲ್ಲಿ ಪ್ರಕಟಿಸಿದರು.

ಬ್ಯಾಸ್ ಮೀನನ್ನು ಇಲ್ಲಿಗೆ ತಂದು ಬಿಟ್ಟರಾಗದೇ ಎಂದು ಕೇಳುವವರುಂಟು. ಕೂಡದು. ಕೊರವದ ಕುಲಕ್ಕೇ ಸೇರಿದ ಚೀನಾ ಕಡೆಯ ಮೀನೊಂದು ೨೦೦೨ರಲ್ಲಿ ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಕ್ರಾಫ್ಟನ್ ಊರಿನ ಕುಂಟೆಯಲ್ಲಿ ಕಾಣಿಸಿಕೊಂಡಾಗ ಅಲ್ಲಿಯವರು ಕುಂಟೆಗೇ ವಿಷವಿಕ್ಕಿ ಅದನ್ನು ಕೊಲ್ಲಬೇಕಾಯಿತು. ಅದೇ ವರ್ಷ ಈ ಕುಲದ ಮೀನುಗಳನ್ನು ಜೀವಸಹಿತ ತರಿಸುವುದನ್ನು ಅಲ್ಲಿನ ಸರ್ಕಾರವು ನಿಷೇಧಿಸಿತು. ಒಂದು ದೇಶದ ಒಳ್ಳೆಯ ಮೀನು ಇನ್ನೊಂದು ದೇಶದ ಕೆರೆಯಲ್ಲಿ ಕಳೆಯಾಗುವುದು ಹೀಗೆ.

ಕೋಲು, ದಾರ, ಕೊಕ್ಕೆ

ಹನ್ನೆರಡು ಹದಿನಾಲ್ಕು ಅಡಿಯ ಬಲಿತ ಬಿದಿರುಗಳುವೂ, ಅಷ್ಟೇ ಉದ್ದದ ದಪ್ಪ ದಾರವೂ ಇದ್ದರೆ ಜೊಂಡಿನ ಸಂದುಗಳಲ್ಲಿ ಎರೆಯನ್ನು ಕುಣಿಸಲು ಸಾಕು. ರೀಲಿಲ್ಲವೆಂದು ಯಾರೂ ಹಿಂಜರಿಯಬೇಕಾದುದಿಲ್ಲ. ರೀಲಿನ ಕೋಲನ್ನು ಕೊಳ್ಳುವವರು ಆರೂವರೆಯಿಂದ ಏಳು ಅಡಿಯ, ತುದಿ ಬಹಳ ಬಳುಕದ, ಬಿಗುವಾದ ಕೋಲನ್ನು ಆರಿಸತಕ್ಕದ್ದು. ದಾರದ ವಿಷಯದಲ್ಲಿ ನೈಲಾನಿಗಿಂತ ಹೆಣೆದ ದಾರವೇ ಮೇಲು. ನೈಲಾನು ಹಿಗ್ಗುವುದು, ಕಳೆಯ ನಡುವೆ ಮೀನು ಕಚ್ಚಿದಾಗ ಆ ಹಿಗ್ಗಿನಲ್ಲಿಯೇ ಎಳೆತದ ಬಲವೆಲ್ಲ ಕಳೆದುಹೋಗುವುದು. ಮೂವತ್ತರಿಂದ ಐವತ್ತು ಪೌಂಡು ಭಾರವನ್ನು ತಡೆಯುವ ಹೆಣೆದ ದಾರವು ಈ ಕೆಲಸಕ್ಕೆ ಹೆಚ್ಚಲ್ಲ. ಮೀನಿನ ತೂಕಕ್ಕಿಂತಲೂ ಅದರೊಡನೆ ಬರುವ ಕಳೆಯ ತೂಕವನ್ನು ಲೆಕ್ಕಕ್ಕೆ ತರಬೇಕು.

ಗಂಟು ಹಾಕುವ ಸುಲಭ ಕ್ರಮವಿದು: ದಾರವನ್ನು ಎರಡು ಮಡಿ ಮಾಡಿ ಕೊಕ್ಕೆಯ ಕಣ್ಣಿನೊಳಗೆ ತೂರಿಸುವುದು, ಆ ಮಡಿಯಿಂದ ಒಂದು ಸಡಿಲ ಗಂಟು ಹಾಕುವುದು, ಉಳಿದ ಕುಣಿಕೆಯೊಳಗಿನಿಂದ ಕೊಕ್ಕೆಯನ್ನೇ ದಾಟಿಸುವುದು, ಬಾಯ ನೀರಿನಿಂದ ಒದ್ದೆ ಮಾಡಿ ಬಿಗಿಯುವುದು. ಹೆಣೆದ ದಾರವು ಜಾರುವ ಗುಣವುಳ್ಳದ್ದಾದರೂ ಈ ಗಂಟಿನಲ್ಲಿ ಜಾರದು.

ಎರೆಗಳ ಆಯ್ಕೆ

ಮೊದಲು ಜೀವಂತ ಎರೆಯ ಮಾತು. ನಮ್ಮ ಹಳ್ಳಿಗಳಲ್ಲಿ ಕೊರವಕ್ಕೆ ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚಿ ಬಿಡುವ ವಾಡಿಕೆಯಿದೆ. ಇದರಿಂದ ಮೀನು ಸಿಕ್ಕುವುದು ನಿಜ. ಆದರೆ ಬೇಸಾಯದ ಇಲಾಖೆಯವರಾಗಿ ನಾವು ಇದನ್ನು ಒಪ್ಪುವಂತಿಲ್ಲ. ಗದ್ದೆಯ ಕಪ್ಪೆಯು ಮಿಡತೆ, ಜಿಗಿಹುಳು, ಪತಂಗ ಮುಂತಾದ ಪೈರಿನ ಶತ್ರುಗಳನ್ನು ರಾತ್ರಿಯೆಲ್ಲ ತಿಂದು, ಕೂಲಿಯಿಲ್ಲದೆ ದುಡಿಯುವ ಆಳು. ಕಪ್ಪೆಗಾಲುಗಳ ವ್ಯಾಪಾರಕ್ಕಾಗಿ ಕಪ್ಪೆಗಳನ್ನು ಕೋಟಿಗಟ್ಟಲೆ ಹಿಡಿದು ಕೊಂದ ಕಾಲವೊಂದಿತ್ತು. ೧೯೮೭ರಲ್ಲಿ ಭಾರತ ಸರ್ಕಾರವು ಆ ರಫ್ತನ್ನು ನಿಲ್ಲಿಸಿತು. ಒಂದು ಮೀನಿಗಾಗಿ ನಾಲ್ಕು ಕಪ್ಪೆಗಳನ್ನು ಹಿಂಸಿಸಿ ಕೊಲ್ಲುವುದು ಲೆಕ್ಕದಲ್ಲಿಯೂ ನಷ್ಟವೇ. ಕೃತಕ ಕಪ್ಪೆಯು ಅದೇ ಕೆಲಸವನ್ನು ಮಾಡುತ್ತಿರುವಾಗ ಜೀವಂತ ಕಪ್ಪೆಯು ಗದ್ದೆಯಲ್ಲಿಯೇ ಇರಲಿ. ಎರೆಹುಳುವಿಗೆ ಬೆಳಿ ಕೊರವವೂ ಚಿಕ್ಕ ಕುಚ್ಚೂ ಬೀಳುವುವು. ದೊಡ್ಡ ಮೀನಿಗೆ ಅದು ಅಲ್ಪವಾಯಿತು.

ಕೃತಕ ಎರೆಗಳಲ್ಲಿ ನಮ್ಮ ಕಳೆಗೆರೆಗಳಿಗೆ ಎಲ್ಲಕ್ಕಿಂತ ಉತ್ತಮವಾದುದು ಟೊಳ್ಳು ಮೈಯ ಮೆತ್ತನೆಯ ಕಪ್ಪೆ. ಇದರ ಜೋಡಿಕೊಕ್ಕೆಯ ಮೊನೆಗಳು ಕಪ್ಪೆಯ ಬೆನ್ನಿಗೆ ಅಂಟಿದಂತೆ ಮೇಲ್ಮುಖವಾಗಿರುವುದರಿಂದ ಕಳೆಗೆ ಸಿಕ್ಕಿಕೊಳ್ಳದು. ಮೀನು ಕಚ್ಚಿದಾಗ ಮೈ ಅಪ್ಪಚ್ಚಿಯಾಗಿ ಮೊನೆಗಳು ಹೊರಬೀಳುವುವು. ಇದನ್ನು ಕಳೆಯ ಹಾಸಿನ ಆಚೆಗೆ ಎಸೆದು, ಹಾಸಿನ ಮೇಲೆ ಚಿಕ್ಕ ಚಿಕ್ಕ ಜಗ್ಗುಗಳಿಂದ ಕುಪ್ಪಳಿಸುತ್ತ ತಂದು, ನೀರು ಕಾಣುವ ಬಿರುಕಿಗೆ ಬಂದಾಗ ನಿಲ್ಲಿಸಬೇಕು. ಮೂರು ನಾಲ್ಕು ಎಣಿಸುವಷ್ಟು ಹೊತ್ತು ಅಲುಗಿಸಲೇಕೂಡದು. ಹತ್ತರಲ್ಲಿ ಏಳೆಂಟು ಸಲ ಮೀನು ಮೇಲೆ ಬೀಳುವುದು ಈ ನಿಲುಗಡೆಯಲ್ಲಿಯೇ. ಅವಸರದವರು ಎರೆಯನ್ನು ಓಡಿಸಿಕೊಂಡು ಬರುವರು. ಎಲ್ಲ ಕಪ್ಪೆಗಳೂ ಹೀಗೆ ಓಡುವುದನ್ನು ಮೀನು ಎಲ್ಲಿಯೂ ಕಂಡಿರಲಾರದು.

ಮೀನು ನೀರನ್ನು ಸಿಡಿಸಿ ಮೇಲೆರಗಿದ ಕ್ಷಣವೇ ಕೋಲನ್ನು ಎತ್ತಿ ಎಳೆಯುವುದು ಹೊಸಬರೆಲ್ಲರೂ ಮಾಡುವ ತಪ್ಪು. ಕೊರವವು ಕಪ್ಪೆಯನ್ನು ಮೊದಲು ಬಾಯಿಗೆ ತೆಗೆದುಕೊಂಡು, ಅನಂತರ ತಿರುಗಿ ಕೆಳಗಿಳಿಯುವುದು. ಸಿಡಿತದ ಸದ್ದಿಗೆ ಎಳೆದರೆ ಎರೆಯು ಖಾಲಿಯಾಗಿ ನಮ್ಮ ಮುಖಕ್ಕೇ ಬರುವುದು. ದಾರವು ಬಿಗಿಯಾಗಿ ಚಲಿಸಿತೆಂದು ಕೈಗೆ ತಿಳಿದ ಮೇಲೆ ಬಲವಾಗಿ ಒಮ್ಮೆ ಜಗ್ಗತಕ್ಕದ್ದು. ಇದರ ಬಾಯಿ ಎಲುಬಿನಿಂದ ಗಟ್ಟಿಯಾದುದು; ಮೊಂಡಾದ ಮೊನೆ ಅದರಲ್ಲಿ ಇಳಿಯದು. ಕೊಕ್ಕೆಯ ಮೊನೆಯನ್ನು ಉಗುರಿನ ಮೇಲಿಟ್ಟು ಸರಿಸಿ ನೋಡಿ, ಜಾರಿದರೆ ಅರದಿಂದ ಹರಿತ ಮಾಡಬೇಕು. ಮೀನು ತಪ್ಪಿಸಿಕೊಂಡರೆ ಐದು ನಿಮಿಷ ಬಿಟ್ಟು ಅಲ್ಲಿಗೇ ಮತ್ತೆ ಎಸೆಯಬಹುದು. ಕೊಕ್ಕೆಯ ನೋವು ತಗಲದಿದ್ದ ಮೀನು ಅನೇಕ ಸಲ ಎರಡನೆಯ ಬಾರಿಗೂ ಬರುವುದು.

ಅಂಗಡಿಯ ಕಪ್ಪೆ ದುಬಾರಿಯೆಂದು ಕಂಡರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಸವೆದ ಹವಾಯಿ ಚಪ್ಪಲಿಯ ಮೆತ್ತನೆಯ ಅಟ್ಟೆಯಿಂದ ಎರಡಂಗುಲ ಉದ್ದ, ಒಂದಂಗುಲ ಅಗಲದ ತುಂಡನ್ನು ಕತ್ತರಿಸಿ, ಮುಂಭಾಗವನ್ನು ಕಪ್ಪೆಯ ಮೂತಿಯಂತೆ ಸಣ್ಣ ಮಾಡುವುದು. ಅಡಿಯಲ್ಲಿ ಉದ್ದಕ್ಕೆ ಸೀಳು ಬಿಟ್ಟು ಜೋಡಿಕೊಕ್ಕೆಯ ಕಡ್ಡಿಯನ್ನು ಅದರೊಳಗೆ ಕೂಡಿಸಿ, ಕಣ್ಣು ಮೂತಿಯಲ್ಲಿಯೂ, ಮೊನೆಗಳು ಹಿಂಬದಿಯಿಂದ ಬಳಸಿ ಬೆನ್ನಿನ ಮೇಲೆಯೂ ಬರುವಂತೆ ಮಾಡಿ, ಅಂಟು ಹಚ್ಚಿ ದಾರದಿಂದ ಸುತ್ತುವುದು. ಹೊಟ್ಟೆಯ ಹಿಂಭಾಗದಲ್ಲಿ ಚಿಕ್ಕ ಸೀಸದ ಚೂರನ್ನು ಹುದುಗಿಸಿದರೆ ಎರೆಯು ಬೋರಲಾಗದೆ ಮೊನೆ ಮೇಲಾಗಿ ತೇಲುವುದು, ಎಸೆಯಲು ತೂಕವೂ ಒದಗುವುದು. ಸೈಕಲ್ ಟ್ಯೂಬಿನ ಎರಡು ತೆಳು ಪಟ್ಟಿಗಳು ಹಿಂಗಾಲುಗಳಾಗುವುವು. ಬಕೆಟ್ಟಿನ ನೀರಿನಲ್ಲಿ ತೇಲಿಸಿ ನೋಡಿ ಸೀಸವನ್ನು ಹೆಚ್ಚು ಕಡಮೆ ಮಾಡಿಕೊಳ್ಳಬೇಕು. ನೋಡಲು ಅಂದವಾಗಿರದು, ಮೀನು ಅಂದವನ್ನು ಪರೀಕ್ಷಿಸುವುದಿಲ್ಲ.

ಕಳೆಯಿಲ್ಲದ ಬಯಲುನೀರಿನಲ್ಲಿ, ಮುಖ್ಯವಾಗಿ ಕಲ್ಲುಕಟ್ಟಣೆಯ ಉದ್ದಕ್ಕೂ, ಲೋಹದ ಸ್ಪೂನ್ ಮತ್ತು ತಿರುಗುವ ಸ್ಪಿನ್ನರುಗಳು ಒಳ್ಳೆಯವು. ಇವು ಹೊಳೆಯುತ್ತ ನಡುಗುತ್ತ ಬರುವಾಗ ಗಾಯಗೊಂಡ ಸಣ್ಣ ಮೀನಿನಂತೆ ತೋರುವುವು. ಏರಿಗೆ ನೇರವಾಗಿ ಎದುರು ದಿಕ್ಕಿಗೆ ಎಸೆಯದೆ, ಏರಿಗೆ ಸಮಾನಾಂತರವಾಗಿ ಎಸೆದರೆ ಎರೆಯು ತನ್ನ ದಾರಿಯುದ್ದಕ್ಕೂ ಕಲ್ಲಿನ ಸಂದುಗಳ ಮುಂದೆಯೇ ಹಾದುಬರುವುದು. ಇದೊಂದು ತಿಳಿವಳಿಕೆಯಿಂದ ಸಿಕ್ಕುವ ಮೀನು ಇಮ್ಮಡಿಯಾಗುವುದೆಂದರೆ ಅತಿಶಯೋಕ್ತಿಯಲ್ಲ. ತೂಬಿನ ಬಳಿಯ ಆಳದಲ್ಲಿರುವ ಹೂವಿನ ಮುರಲಿಗೆ ಮುಳುಗಿ ಈಜುವ ಮರದ ಅಥವಾ ಪ್ಲಾಸ್ಟಿಕ್ ಮೀನು ಒಪ್ಪುವುದು. ನೀರೊಳಗೆ ಕಳೆಯಿದ್ದು ಮೇಲೆ ಬಯಲಾಗಿರುವ ಕಡೆಗಳಲ್ಲಿ, ಕೊಕ್ಕೆಯ ಮೊನೆಯನ್ನು ಮೈಯಲ್ಲಿಯೇ ಹುದುಗಿಸಿದ ಮೆತ್ತನೆಯ ಕೃತಕ ಹುಳುವನ್ನು ತಳದ ಮೇಲೆ ಮೆಲ್ಲಗೆ ಸರಿಸಬಹುದು. ಇದಕ್ಕೆ ತಾಳ್ಮೆ ಬಹಳ ಬೇಕು.

ಬಣ್ಣದ ವಿಷಯದಲ್ಲಿ ವ್ಯಾಪಾರಿಗಳು ಹೇಳುವುದನ್ನೆಲ್ಲ ನಂಬಬೇಕಾದುದಿಲ್ಲ. ನೀರಿನ ಮೇಲೆ ತೇಲುವ ಎರೆಯನ್ನು ಮೀನು ಕೆಳಗಿನಿಂದ, ಬೆಳಕಾದ ಆಕಾಶದ ಎದುರಿಗೆ ನೋಡುವುದು. ಆಗ ಅದಕ್ಕೆ ಕಾಣುವುದು ನೆರಳಿನಂತಹ ಆಕಾರವೇ ಹೊರತು ಬೆನ್ನಿನ ಬಣ್ಣಗಳಲ್ಲ. ಆದುದರಿಂದ ಕಪ್ಪೆ ಎರೆಗೆ ಕಪ್ಪು ಅಥವಾ ಗಾಢ ಕಂದುಬಣ್ಣವೊಂದಿದ್ದರೆ ಕದಡಿದ ನೀರಿಗೂ ಮುಸ್ಸಂಜೆಗೂ ಸಾಕು. ತಿಳಿನೀರಿನ ಸ್ಪೂನಿಗೆ ಬೆಳ್ಳಿಯ ಬಣ್ಣ, ಕೆಂಪುಮಣ್ಣಿನ ನೀರಿಗೆ ಹಿತ್ತಾಳೆಯ ಬಣ್ಣ. ಹತ್ತು ಬಣ್ಣದ ಹತ್ತು ಎರೆಗಳನ್ನು ಕೊಳ್ಳುವುದಕ್ಕಿಂತ ಇವು ಮೂರನ್ನು ಇಟ್ಟುಕೊಂಡು ಸ್ಥಳವನ್ನೂ ವೇಳೆಯನ್ನೂ ಬದಲಿಸುವುದು ಮೇಲು.

ವೇಳೆಯೆಂದರೆ, ಸೂರ್ಯೋದಯದಿಂದ ಎರಡು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಎರಡು ಗಂಟೆ. ಫಾಲ್ಗುಣದಿಂದ ವೈಶಾಖದವರೆಗೆ ನೀರಿಳಿದು ಮೀನುಗಳು ಚಿಕ್ಕ ಜಾಗದಲ್ಲಿ ಕೂಡಿರುವ ಕಾಲ. ನಡುಹಗಲಿನಲ್ಲಿ ಮಾತ್ರ ಅವು ಕಳೆಯ ನೆರಳನ್ನು ಬಿಟ್ಟು ಬರುವುದಿಲ್ಲ, ಎರೆಯನ್ನು ಆ ನೆರಳಿಗೇ ಕೊಂಡೊಯ್ಯಬೇಕು.

ಮರಿ ಕಾಯುವ ಮೀನಿನ ವಿಚಾರ

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದು. ಮುಂಗಾರು ಮಳೆ ಹತ್ತಿ ಕೆರೆಯಂಗಳದ ಹುಲ್ಲಿನ ಮೇಲೆ ಹೊಸ ನೀರು ನಿಂತಾಗ ಕೊರವದ ಜೋಡಿಯು ಕಳೆಯ ನಡುವೆ ದುಂಡಗೆ ಜಾಗವನ್ನು ತೆರವುಮಾಡಿ ಅಲ್ಲಿ ಮೊಟ್ಟೆಯಿಡುವುದು. ಮೊಟ್ಟೆಗಳಲ್ಲಿ ಎಣ್ಣೆಯ ಅಂಶವಿರುವುದರಿಂದ ಅವು ಮೇಲೆಯೇ ತೇಲುವುವು. ಒಂದೆರಡು ದಿನಗಳಲ್ಲಿ ಒಡೆದು ಮರಿಗಳಾಗುವುವು. ಕೆಂಪು ಕಿತ್ತಿಳೆ ಬಣ್ಣದ ಈ ಮರಿಗಳು ಗುಂಪಾಗಿ ಒಟ್ಟಿಗೆ ಮೇಲೆದ್ದು ಗಾಳಿ ಹೀರುವಾಗ ನೀರಿನ ಮೇಲೆ ಸಣ್ಣ ತುಂತುರು ಬಿದ್ದಂತೆ ಕಾಣುವುದು. ತಾಯಿ ತಂದೆಗಳು ಕೆಲವು ವಾರಗಳ ಕಾಲ ಕೆಳಗೆಯೇ ಇದ್ದು ಕಾಯುತ್ತ, ಸಮೀಪಕ್ಕೆ ಬಂದುದೆಲ್ಲದರ ಮೇಲೂ ಹಸಿವಿಲ್ಲದಿದ್ದರೂ ಬೀಳುವುವು.

ಈ ಗುಂಪಿನ ನಡುವೆ ಕಪ್ಪೆಯನ್ನು ಹಾಕಿದರೆ ದೊಡ್ಡ ಮೀನು ಸಿಕ್ಕುವುದು ಬಹುಮಟ್ಟಿಗೆ ಖಂಡಿತ. ಇದನ್ನೇ ಚಾತುರ್ಯವೆಂದು ತೋರಿಸಿಕೊಳ್ಳುವವರನ್ನು ಮಳೆಗಾಲದಲ್ಲಿ ಏರಿಗಳ ಮೇಲೆ ನಾವು ಪ್ರತಿವರ್ಷವೂ ಕಾಣುತ್ತೇವೆ. ಇದರಲ್ಲಿ ಚಾತುರ್ಯವೇನೂ ಇಲ್ಲ. ಮಕ್ಕಳನ್ನು ಬಿಟ್ಟು ಓಡಲಾರದ ಪ್ರಾಣಿಯನ್ನು ಹಿಡಿಯಲು ವಿದ್ಯೆ ಬೇಡ. ಕಾವಲು ಹೋದ ಬಳಿಕ ಗಂಟೆಗಳೊಳಗೆ ಇತರ ಮೀನುಗಳೂ ಹಕ್ಕಿಗಳೂ ಮರಿಗಳನ್ನು ಮುಗಿಸುವುವು. ಒಂದು ಮೀನಿನ ಬೆಲೆಗೆ ಆ ವರ್ಷದ ಸಾವಿರಾರು ಮರಿಗಳ ಸಂತತಿಯನ್ನು ಮಾರಿದಂತಾಯಿತು. ಆದುದರಿಂದ ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಊರ ಕೆರೆಗಳಲ್ಲಿ ಕೊರವಕ್ಕೆ ಗಾಳ ಹಾಕದಿರುವುದು ಉತ್ತಮ. ಬೇರೆ ತಿಂಗಳಿನಲ್ಲಿಯಾದರೂ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿಂದ ಐವತ್ತು ಮಾರು ದೂರ ಹೋಗತಕ್ಕದ್ದು. ಒಂದಡಿಗೆ ಕಡಮೆಯಾದ ಕುಚ್ಚಿನ ಮುರಲು ಇನ್ನೂ ಮೊಟ್ಟೆಯಿಡುವ ವಯಸ್ಸಿಗೆ ಬಂದಿದೆಯೋ ಇಲ್ಲವೋ ಎನ್ನುವಂತಿರುವುದು; ಅದನ್ನು ಬಿಟ್ಟುಬಿಡಬೇಕು.

ಗೆಂಡೆಮರಿಗಳನ್ನು ಸಾಕುವ ಸ್ವಂತ ಹೊಂಡದಲ್ಲಿ ಮಾತ್ರ ವಿಚಾರ ಬೇರೆ. ಅಲ್ಲಿ ಕೊರವದ ಸಂತತಿ ಬೆಳೆಯುವುದೇ ಹಾನಿಯಾದುದರಿಂದ ದೊಡ್ಡ ಮೀನನ್ನು ಗಾಳದಿಂದಲೂ ಮರಿಗಳ ಗುಂಪನ್ನು ಸೊಳ್ಳೆಪರದೆಯಂತಹ ಸಣ್ಣ ಕಣ್ಣಿನ ಕೈಬಲೆಯಿಂದಲೂ ಒಂದೇ ದಿನ ತೆಗೆಯುವುದು. ಆ ಮರಿಗಳನ್ನು ಕೊಲ್ಲದೆ, ಕೊರವವನ್ನೇ ಸಾಕಲಿಚ್ಛಿಸುವ ರೈತರಿಗೆ ಕೊಡಬಹುದು.

ಹಿಡಿದ ಮೇಲೆ

ಕೊಕ್ಕೆಗೆ ಸಿಕ್ಕ ಕೊರವವು ನೇರವಾಗಿ ಕಳೆಯೊಳಕ್ಕೆ ನುಗ್ಗುವುದು. ಇಲ್ಲಿ ಸಡಿಲ ಬಿಟ್ಟು ದಣಿಸುವ ಕ್ರಮವು ನಡೆಯದು. ದಾರವನ್ನು ಬಿಗಿಯಾಗಿಟ್ಟು, ಮೀನಿನ ತಲೆಯನ್ನು ಮೇಲೆತ್ತಿ, ಕಳೆಯ ಮೇಲೆಯೇ ಎಳೆದು ತರಬೇಕು. ದಡದಲ್ಲಿ ದಾರ ಹಿಡಿದು ಎತ್ತದೆ ಕೈಬಲೆಯನ್ನು ಅಡಿಗೆ ಕೊಡುವುದು. ಹಲ್ಲುಗಳು ಹರಿತವಾದುದರಿಂದ ಬಾಯಿಗೆ ಬೆರಳಿಡದೆ ಉದ್ದ ಮೂತಿಯ ಇಕ್ಕಳದಿಂದ ಕೊಕ್ಕೆ ಬಿಡಿಸಬೇಕು. ಕೊಕ್ಕೆಯ ಒಳಮುಳ್ಳನ್ನು ಮೊದಲೇ ಇಕ್ಕಳದಿಂದ ಅದುಮಿ ಮಟ್ಟ ಮಾಡಿಕೊಂಡಿದ್ದರೆ ಬಿಡಬೇಕಾದ ಮೀನಿಗೂ, ಅಕಸ್ಮಾತ್ತಾಗಿ ಕೊಕ್ಕೆ ಚುಚ್ಚಿಕೊಂಡ ನಮ್ಮ ಬೆರಳಿಗೂ ಕ್ಷೇಮ. ಮಾರಬೇಕಾದ ಮೀನನ್ನು ಒದ್ದೆಯ ಗೋಣಿಯಲ್ಲಿ ನೆರಳಿನಲ್ಲಿಟ್ಟರೆ ಕೆಲವು ಗಂಟೆಗಳ ಕಾಲ ಜೀವದಿಂದಿರುವುದು. ಬಾಯಿಕಟ್ಟಿದ ತುಂಬಿದ ಕೊಡದಲ್ಲಿಟ್ಟರೆ ಗಾಳಿ ಸಿಕ್ಕದೆ ಸಾಯುವುದು. ಅಡಿಗೆಯಲ್ಲಿ ಇದನ್ನು ಪೂರ್ಣವಾಗಿ ಬೇಯಿಸತಕ್ಕದ್ದು. ಅರೆಬೆಂದ ಕೊರವದಿಂದ ಮನುಷ್ಯನ ಮೈಗೆ ಹುಳುಗಳು ಸೇರುವ ಅಪಾಯವುಂಟು.

ಕೆರೆಯ ಮೀನಿನ ಹಕ್ಕು ಗುತ್ತಿಗೆದಾರರಿಗೋ ಸಹಕಾರ ಸಂಘಕ್ಕೋ ಸೇರಿದ್ದರೆ ಅವರ ಒಪ್ಪಿಗೆಯಿಲ್ಲದೆ ಗಾಳ ಹಾಕಕೂಡದು. ೧೯೯೬ರ ಕರ್ನಾಟಕ ಒಳನಾಡು ಮೀನುಗಾರಿಕೆಯ ಅಧಿನಿಯಮದ ಮೇರೆಗೆ ಬೇಕಾದ ಅನುಮತಿಯ ವಿವರಗಳನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದು ೧೮೯೭ರ ಕಾಯಿದೆಯಿಂದಲೇ ಅಪರಾಧವಾಗಿದೆ.

ಮಳೆಗಾಲ ಕಳೆದು ಚಳಿ ಬೀಳುವ ದಿನಗಳಲ್ಲಿ ಮೈಮೇಲೆ ಕೆಂಪು ಹುಣ್ಣುಗಳಿರುವ ಕೊರವಗಳು ಗಾಳಕ್ಕೆ ಸಿಕ್ಕಿದರೆ, ಅದು ೧೯೮೮ರಲ್ಲಿ ಭಾರತಕ್ಕೆ ಕಾಲಿಟ್ಟು ದೇಶದ ಅನೇಕ ಕಡೆ ಹರಡಿದ ಬೂಷ್ಟಿನ ಜಾತಿಯ ಹುಣ್ಣುರೋಗವೆಂದು ಸಂದೇಹಪಡಬೇಕು. ಅಂತಹ ಮೀನನ್ನು ಜೀವಸಹಿತವಾಗಿ ಬೇರೆ ಕೆರೆಗೆ ಒಯ್ಯಕೂಡದು. ಕೈಬಲೆ, ಎರೆ, ಬಕೆಟ್ಟುಗಳನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆಯೇ ಮತ್ತೊಂದು ಕೆರೆಯಲ್ಲಿ ಉಪಯೋಗಿಸಬೇಕು. ಸತ್ತ ಮೀನುಗಳನ್ನು ದಡದಲ್ಲಿ ಬಿಸಾಡದೆ ಸುಣ್ಣ ಹಾಕಿ ಹೂಳುವುದು; ಸಂಗತಿಯನ್ನು ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ ಕೂಡಲೆ ತಿಳಿಸುವುದು.